ಗರ್ಭಿಣಿಯರು ಅಂತರ್ಜಾಲದಲ್ಲಿ ಆರೋಗ್ಯ ಮಾಹಿತಿ ಹುಡುಕುವುದು ಹೇಗೆ: ವೈದ್ಯರು ಸುಲಭವಾಗಿ ಸಿಗದವರಿಗಾಗಿ ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆ ದೂರವಿರುವ, ವೈದ್ಯರನ್ನು ಕಾಣಲು ವಾರಗಟ್ಟಲೆ ಕಾಯಬೇಕಾದ, ತನ್ನ ಭಾಷೆಯಲ್ಲಿ ಸಾವಧಾನವಾಗಿ ಉತ್ತರ ಹೇಳುವವರು ಸಿಗದ ಕಡೆಗಳಲ್ಲಿ ಗರ್ಭಿಣಿಗೆ ಅನುಮಾನವೊಂದು ಬಂದರೆ ಅವಳ ಕೈ ಮೊದಲು ಹೋಗುವುದು ಮೊಬೈಲಿನತ್ತ. ಹಾಗೆ ಹುಡುಕುವುದೇ ತಪ್ಪು ಎಂದು ಗದರಿಸುವವರೂ ಇದ್ದಾರೆ. ಬೇರೆ ದಾರಿ ಇಲ್ಲದವಳಿಗೆ ಇರುವ ಒಂದು ದಾರಿಯನ್ನೂ ಮುಚ್ಚುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ದಾರಿಯಲ್ಲಿ ಎಡವದೆ ನಡೆಯುವುದನ್ನು ಹಂತ ಹಂತವಾಗಿ ವಿವರಿಸುವುದಕ್ಕಾಗಿ ಈ ಬರಹ. ಇದನ್ನು ಗರ್ಭಿಣಿಯೇ ಓದಬಹುದು. ಅವಳ ಪರವಾಗಿ ಮೊಬೈಲಿನಲ್ಲಿ ಹುಡುಕಿ ಕೊಡುವ ಗಂಡ, ಅಕ್ಕ, ತಾಯಿ ಅಥವಾ ನೆರೆಯವರೂ ಓದಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಗರ್ಭಧಾರಣೆ ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಜಗತ್ತಿನಾದ್ಯಂತ ಸುಮಾರು 2,60,000 ಮಹಿಳೆಯರು ಪ್ರಾಣ ಕಳೆದುಕೊಂಡರು. ಅಂದರೆ ದಿನಕ್ಕೆ 700ಕ್ಕೂ ಹೆಚ್ಚು. ಅವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಕಡಿಮೆ ಆದಾಯದ ಮತ್ತು ಕೆಳ ಮಧ್ಯಮ ಆದಾಯದ ದೇಶಗಳವರು, ಮತ್ತು ಈ ಸಾವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದಾಗಿತ್ತು. ಇಂಥ ಸಾವುಗಳು ಏಕೆ ಆಗುತ್ತವೆ ಎಂಬುದನ್ನು ವಿವರಿಸುತ್ತ ಸಂಶೋಧಕಿಯರಾದ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೈನ್ 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು: ಚಿಕಿತ್ಸೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ತಡ, ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಮೊಬೈಲಿನ ಹುಡುಕಾಟ ಈ ಮೂರರಲ್ಲಿ ಮೊದಲನೆಯದನ್ನು ನೇರವಾಗಿ ಮುಟ್ಟುತ್ತದೆ. ಸರಿಯಾಗಿ ಹುಡುಕಿದರೆ ‘ಇದು ಕಾಯುವ ವಿಷಯವಲ್ಲ, ಈಗಲೇ ಹೊರಡಬೇಕು’ ಎಂಬ ತೀರ್ಮಾನಕ್ಕೆ ಬೇಗ ಬರಬಹುದು. ತಪ್ಪಾಗಿ ಹುಡುಕಿದರೆ ಮನೆಮದ್ದು, ಸಮಾಧಾನದ ಮಾತು, ಇನ್ನೊಂದು ವಿಡಿಯೊ ಎನ್ನುತ್ತ ಒಂದು ಇಡೀ ರಾತ್ರಿ ಕಳೆದುಹೋಗಬಹುದು. ಮುಂದಿನ ಎಲ್ಲ ಹಂತಗಳನ್ನೂ ಈ ಒಂದು ವಿಚಾರವನ್ನು ಎದುರಿಗಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ಯಾವುದನ್ನು ಹುಡುಕುತ್ತ ಕೂರಬಾರದು ಎಂಬುದನ್ನು ಮೊದಲು ತಿಳಿದುಕೊಳ್ಳಿ

ಕೆಲವು ಲಕ್ಷಣಗಳು ಕಾಣಿಸಿಕೊಂಡಾಗ ಅಂತರ್ಜಾಲವನ್ನು ತೆರೆಯಲೇಬಾರದು. ಅದೇ ಮೊಬೈಲಿನಿಂದ ಆಂಬ್ಯುಲೆನ್ಸಿಗೋ ಆಸ್ಪತ್ರೆಗೋ ವಾಹನ ಇರುವವರಿಗೋ ಕರೆ ಮಾಡಬೇಕು. ಯೋನಿಯಿಂದ ರಕ್ತಸ್ರಾವ, ಫಿಟ್ಸ್ ಬರುವುದು, ಪ್ರಜ್ಞೆ ತಪ್ಪುವುದು, ಬಿಡದ ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣಮುಂದೆ ಮಿಂಚಿದಂತಾಗುವುದು, ಮುಖ ಮತ್ತು ಕೈಗಳು ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಬಿಡದ ಹೊಟ್ಟೆನೋವು, ಉಸಿರಾಟದ ತೊಂದರೆ, ಎದೆನೋವು, ಜ್ವರದೊಂದಿಗೆ ಏಳಲಾಗದಷ್ಟು ನಿಶ್ಶಕ್ತಿ, ದಿನ ತುಂಬುವ ಮೊದಲೇ ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಸಾಕು, ಎರಡನೆಯದಕ್ಕಾಗಿ ಕಾಯಬೇಕಾಗಿಲ್ಲ.

ಇವುಗಳಲ್ಲಿ ಮಗುವಿನ ಚಲನೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪು ಸಮಾಧಾನ ಅತಿ ಹೆಚ್ಚು ಸಿಗುವುದು ಇದರ ಬಗ್ಗೆಯೇ. ಸಾಮಾನ್ಯವಾಗಿ 16ರಿಂದ 24 ವಾರಗಳ ನಡುವೆ ತಾಯಿಗೆ ಮಗುವಿನ ಚಲನೆ ತಿಳಿಯತೊಡಗುತ್ತದೆ. ಚೊಚ್ಚಲ ಬಸಿರಿನಲ್ಲಿ ಇದು ತಡವಾಗಿ, ಸುಮಾರು 20 ವಾರಗಳ ನಂತರ ಗೊತ್ತಾಗಬಹುದು. ದಿನಕ್ಕೆ ಇಷ್ಟೇ ಬಾರಿ ಎಂಬ ನಿಗದಿತ ಸಂಖ್ಯೆಯಿಲ್ಲ. ಪ್ರತಿ ಮಗುವಿಗೂ ತನ್ನದೇ ಆದ ರೂಢಿ ಇರುತ್ತದೆ, ಆ ರೂಢಿ ಬದಲಾದರೆ ಅದೇ ಎಚ್ಚರಿಕೆ. ‘ದಿನ ತುಂಬುತ್ತ ಬಂದಂತೆ ಜಾಗ ಸಾಲದೆ ಮಗು ಒದೆಯುವುದು ಕಡಿಮೆಯಾಗುತ್ತದೆ, ಭಯಪಡಬೇಡಿ’ ಎಂದು ನೂರಾರು ಕಡೆ ಬರೆದಿರುತ್ತಾರೆ. ಇದು ನಿಜವಲ್ಲ, ಚಲನೆಯ ಬಗೆ ಬದಲಾಗಬಹುದೇ ಹೊರತು ಹೆರಿಗೆಯ ತನಕವೂ ಮಗು ಆಡುತ್ತಲೇ ಇರಬೇಕು. ಮನೆಯಲ್ಲೇ ಎದೆಬಡಿತ ಕೇಳುವ ಸಾಧನ ಅಥವಾ ಆ್ಯಪ್ ಬಳಸಿ ‘ಬಡಿತ ಕೇಳಿಸಿತು’ ಎಂದು ಸುಮ್ಮನಾಗುವುದೂ ಅಪಾಯಕರ. ಕೇಳಿಸಿದ್ದು ತಾಯಿಯದೇ ನಾಡಿಯ ಸದ್ದಾಗಿರಬಹುದು. ಮಗುವಿನದೇ ಆಗಿದ್ದರೂ ಅದು ಕ್ಷೇಮವಾಗಿದೆ ಎಂಬುದಕ್ಕೆ ಅಷ್ಟೇ ಸಾಕ್ಷಿಯಾಗುವುದಿಲ್ಲ.

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಕರೆ ಮಾಡಬೇಕಾದ ಎರಡು ಮೂರು ದೂರವಾಣಿ ಸಂಖ್ಯೆಗಳನ್ನು ಅದರ ಕೆಳಗೆ ಸೇರಿಸಿ, ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಫಿಟ್ಸ್ ಬಂದವಳು ತಾನೇ ಮೊಬೈಲು ತೆಗೆದು ಸಂಖ್ಯೆ ಹುಡುಕಲಾರಳು.

ಹಂತ 2: ನಿಮ್ಮ ವಿವರಗಳನ್ನು ಒಂದೆಡೆ ಬರೆದಿಟ್ಟುಕೊಳ್ಳಿ

ಬಸಿರಿನ ಬಗ್ಗೆ ಇರುವ ಹೆಚ್ಚಿನ ವೈದ್ಯಕೀಯ ಮಾಹಿತಿ ತಿಂಗಳುಗಳ ಲೆಕ್ಕದಲ್ಲಿರುವುದಿಲ್ಲ, ವಾರಗಳ ಲೆಕ್ಕದಲ್ಲಿರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಕೆ ಶುರುವಾಗುತ್ತದೆ ಮತ್ತು 280 ದಿನ, ಅಂದರೆ 40 ವಾರ ತುಂಬುವ ದಿನವನ್ನು ಹೆರಿಗೆಯ ಅಂದಾಜು ದಿನ ಎಂದು ಹಿಡಿಯುತ್ತಾರೆ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಬಸಿರಿನ ಆರಂಭದಲ್ಲಿ ಮಾಡಿದ ಸ್ಕ್ಯಾನಿಂಗ್ ವರದಿಯಲ್ಲಿ ವಾರದ ಸಂಖ್ಯೆ ಇರುತ್ತದೆ. ಆ ದಿನಾಂಕದಿಂದ ಮುಂದಕ್ಕೆ ಎಣಿಸಿಕೊಳ್ಳಬಹುದು.

ಒಂದು ಪುಟ್ಟ ಪುಸ್ತಕದಲ್ಲಿ ಇವಿಷ್ಟನ್ನು ಬರೆದಿಡಿ: ಈಗ ಎಷ್ಟನೇ ವಾರ, ಇದು ಎಷ್ಟನೇ ಬಸಿರು, ಹಿಂದಿನ ಹೆರಿಗೆಗಳಲ್ಲಿ ತೊಂದರೆ ಆಗಿತ್ತೇ, ರಕ್ತದ ಗುಂಪು, ಇತ್ತೀಚಿನ ಬಿಪಿ, ಇತ್ತೀಚಿನ ಹಿಮೋಗ್ಲೋಬಿನ್, ಮೊದಲಿನಿಂದ ಇರುವ ಕಾಯಿಲೆಗಳು, ಈಗ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರು ಮತ್ತು ಪ್ರಮಾಣ, ಯಾವುದಾದರೂ ಔಷಧದ ಅಲರ್ಜಿ. ತಪಾಸಣೆಯ ಕಾರ್ಡು ಮತ್ತು ವರದಿಗಳ ಫೋಟೊ ಮೊಬೈಲಿನಲ್ಲಿರಲಿ. ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂತರ್ಜಾಲಕ್ಕೆ ಹೋಗದೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು ಎಂಬುದನ್ನೂ ಆ ಪುಟದಲ್ಲೇ ಬರೆದುಕೊಳ್ಳಿ.

ಹಂತ 3: ಪ್ರಶ್ನೆಯನ್ನು ಸರಿಯಾಗಿ ಕೇಳಿ

ಹುಡುಕಾಟದ ಯಂತ್ರಕ್ಕೆ ನೀವು ಯಾರು, ಯಾವ ಸ್ಥಿತಿಯಲ್ಲಿದ್ದೀರಿ ಎಂಬುದು ಗೊತ್ತಿರುವುದಿಲ್ಲ. ನೀವು ಕೊಟ್ಟ ಪದಗಳಿಗೆ ಹೊಂದುವ ಪುಟಗಳನ್ನು ಅದು ಮುಂದಿಡುತ್ತದೆ. ಹೀಗಾಗಿ ಉತ್ತರದ ಗುಣ ಪ್ರಶ್ನೆಯಲ್ಲೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ, ಮತ್ತು ಈ ಹಂತಕ್ಕೆ ನಾನು ಹೆಚ್ಚು ಜಾಗ ಕೊಡುತ್ತಿರುವುದು ಅದೇ ಕಾರಣಕ್ಕೆ.

32 ವಾರದ ಗರ್ಭಿಣಿಯೊಬ್ಬಳಿಗೆ ಎರಡು ದಿನದಿಂದ ತಲೆನೋವು ಎಂದಿಟ್ಟುಕೊಳ್ಳಿ. ಅವಳು ‘ತಲೆನೋವಿಗೆ ಮನೆಮದ್ದು’ ಎಂದು ಹುಡುಕಿದರೆ ಲೇಪ, ಕಷಾಯ, ವಿಶ್ರಾಂತಿ, ನೀರು ಕುಡಿಯುವುದು ಎಂಬ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಅವು ಯಾರಿಗೋ ಯಾವಾಗಲೋ ಉಪಯೋಗಕ್ಕೆ ಬರಬಹುದಾದ ಸಲಹೆಗಳೇ, ಆದರೆ ಅವಳಿಗೆ ಬೇಕಾದವಲ್ಲ. ಅದೇ ಹೆಂಗಸು ‘ಗರ್ಭಿಣಿ 32 ವಾರ ತಲೆನೋವು ಕಡಿಮೆಯಾಗುತ್ತಿಲ್ಲ ಯಾವಾಗ ಆಸ್ಪತ್ರೆಗೆ ಹೋಗಬೇಕು’ ಎಂದು ಹುಡುಕಿದರೆ, 20 ವಾರಗಳ ನಂತರ ಕಾಣಿಸಿಕೊಳ್ಳುವ ಪ್ರೀಎಕ್ಲಾಂಪ್ಸಿಯಾ ಎಂಬ ಅಧಿಕ ರಕ್ತದೊತ್ತಡದ ಕಾಯಿಲೆಯ ಬಗ್ಗೆ ಓದುವ ಸಾಧ್ಯತೆ ಬಹಳ ಹೆಚ್ಚು. ಒಂದೇ ನೋವು, ಒಂದೇ ಮೊಬೈಲು. ಮೊದಲನೆಯ ಪ್ರಶ್ನೆ ಅವಳನ್ನು ಮನೆಯಲ್ಲೇ ಉಳಿಸುತ್ತದೆ, ಎರಡನೆಯದು ಬಿಪಿ ನೋಡಿಸಿಕೊಳ್ಳಲು ಹೊರಡಿಸುತ್ತದೆ.

ಆದ್ದರಿಂದ ಪ್ರತಿ ಪ್ರಶ್ನೆಯಲ್ಲೂ ನಾಲ್ಕು ಸಂಗತಿಗಳಿರಲಿ: ‘ಗರ್ಭಿಣಿ’ ಎಂಬ ಪದ, ವಾರದ ಸಂಖ್ಯೆ, ಲಕ್ಷಣ ಮತ್ತು ಅದು ಎಷ್ಟು ದಿನದಿಂದ ಇದೆ ಎಂಬುದು, ಕೊನೆಗೆ ‘ಯಾವಾಗ ವೈದ್ಯರನ್ನು ಕಾಣಬೇಕು’ ಎಂಬ ಮಾತು. ಈ ಕೊನೆಯ ಮಾತನ್ನು ಬಿಡಬೇಡಿ. ಜವಾಬ್ದಾರಿಯಿಂದ ಬರೆದ ಪುಟಗಳಲ್ಲಿ ಇಂಥದೊಂದು ಭಾಗ ಇದ್ದೇ ಇರುತ್ತದೆ, ಮಾರಾಟಕ್ಕಾಗಿ ಬರೆದವುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ.

ಉತ್ತರವನ್ನು ಮೊದಲೇ ಒಳಗಿಟ್ಟುಕೊಂಡ ಪ್ರಶ್ನೆಗಳನ್ನು ಕೇಳಬೇಡಿ. ‘ಗರ್ಭಿಣಿಯರಿಗೆ ಲಸಿಕೆಯಿಂದ ಆಗುವ ಹಾನಿ’ ಎಂದು ಹುಡುಕಿದವರಿಗೆ ಹಾನಿಯ ಕಥೆಗಳೇ ಸಿಗುತ್ತವೆ, ‘ಲಸಿಕೆಯ ಲಾಭ’ ಎಂದು ಹುಡುಕಿದವರಿಗೆ ಲಾಭಗಳೇ ಸಿಗುತ್ತವೆ. ‘ಗರ್ಭಿಣಿಯರಿಗೆ ಧನುರ್ವಾಯು ಲಸಿಕೆ ಏಕೆ, ಯಾವಾಗ, ಯಾರಿಗೆ ಬೇಡ’ ಎಂಬಂತೆ ಕೇಳಿದರೆ ಎರಡೂ ಬದಿ ಕಾಣುತ್ತದೆ.

ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಚಿತ್ರವನ್ನು ಒತ್ತಿ ಮಾತಿನಲ್ಲೇ ಕೇಳಬಹುದು. ಆದರೆ ಮಾತು ಮುಗಿದ ಮೇಲೆ ಪರದೆಯ ಮೇಲೆ ಏನು ಮೂಡಿದೆ ಎಂಬುದನ್ನು ಒಮ್ಮೆ ಓದಿ ಅಥವಾ ಓದಿಸಿ. ಔಷಧಗಳ ಹೆಸರುಗಳನ್ನು ಯಂತ್ರ ತಪ್ಪಾಗಿ ಕೇಳಿಸಿಕೊಳ್ಳುವುದು ಸಾಮಾನ್ಯ. ಔಷಧದ ಬಗ್ಗೆ ಕೇಳುವಾಗ ಮಾತ್ರೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಮೂಲ ಔಷಧದ ಹೆಸರನ್ನೇ ಬಳಸಿ, ಏಕೆಂದರೆ ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ.

ಹಂತ 4: ಮೊದಲು ಎಲ್ಲಿ ನೋಡಬೇಕು

ಹುಡುಕಾಟದ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಎಲ್ಲಕ್ಕಿಂತ ನಂಬಿಗಸ್ತ ಎಂದು ಎಣಿಸಬೇಡಿ. ಮೇಲಿನ ಕೆಲವು ಸಾಲುಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳಾಗಿರಬಹುದು. ಅವುಗಳ ಪಕ್ಕದಲ್ಲಿ ಸಣ್ಣದಾಗಿ ‘ಪ್ರಾಯೋಜಿತ’ ಎಂದು ಬರೆದಿರುತ್ತದೆ. ಮೊದಲು ನಿಮ್ಮ ದೇಶದ ಆರೋಗ್ಯ ಇಲಾಖೆಯ ಜಾಲತಾಣವನ್ನು ನೋಡಿ. ಲಸಿಕೆಗಳ ವೇಳಾಪಟ್ಟಿ, ಉಚಿತ ತಪಾಸಣೆ, ಸಹಾಯವಾಣಿ ಇವೆಲ್ಲ ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಆದ್ದರಿಂದ ಬೇರೆ ದೇಶದ ಪುಟ ಎಷ್ಟೇ ಚೆನ್ನಾಗಿದ್ದರೂ ಈ ವಿಷಯಗಳಲ್ಲಿ ಅದು ನಿಮಗೆ ಅನ್ವಯಿಸದು. ರೋಗಲಕ್ಷಣ ಮತ್ತು ಔಷಧಗಳ ಸಾಮಾನ್ಯ ವಿವರಣೆಗೆ ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಮೆಡ್‌ಲೈನ್‌ಪ್ಲಸ್, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಜಾಲತಾಣಗಳು ಸರಳವಾಗಿವೆ. ಇವುಗಳಲ್ಲಿ ಯಾವುದಕ್ಕೂ ಹಣ ಕೊಡಬೇಕಾಗಿಲ್ಲ.

ಓದಲು ತೊಡಗುವ ಮುನ್ನ ತಪಾಸಣೆಯ ಚೌಕಟ್ಟು ಗೊತ್ತಿದ್ದರೆ ಒಳ್ಳೆಯದು. ಗರ್ಭಿಣಿಗೆ ಕನಿಷ್ಠ 8 ಬಾರಿ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತ ಬಂದಿದೆ: ಮೊದಲನೆಯದು 12 ವಾರಗಳೊಳಗೆ, ನಂತರ 20, 26, 30, 34, 36, 38 ಮತ್ತು 40ನೇ ವಾರಗಳಲ್ಲಿ. ಅದಕ್ಕೂ ಹಿಂದೆ 4 ಭೇಟಿಗಳ ಮಾದರಿ ಚಾಲ್ತಿಯಲ್ಲಿತ್ತು. ‘ನಾಲ್ಕು ಸಲ ತೋರಿಸಿದರೆ ಸಾಕು’ ಎಂದು ಬರೆದ ಪುಟ ಸಿಕ್ಕಿದರೆ ಅದು ಹಳೆಯದಾಗಿರಬಹುದು ಎಂದು ಇದರಿಂದ ಅಂದಾಜು ಮಾಡಬಹುದು.

ದೊಡ್ಡ ತೊಡಕು ಭಾಷೆಯದು. ನಂಬಬಹುದಾದ ಬರಹಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕನ್ನಡದಂಥ ಭಾಷೆಗಳಲ್ಲಿ ಸಿಗುವುದು ಕಡಿಮೆ, ಸಿಕ್ಕಿದ್ದರಲ್ಲೂ ಎಲ್ಲಿಂದಲೋ ನಕಲು ಮಾಡಿದ್ದು ಬಹಳ. ಬ್ರೌಸರಿನ ಅನುವಾದ ಸೌಲಭ್ಯವನ್ನು ಬಳಸಿ, ಓದಲು ಬಾರದವರು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವನ್ನು ಬಳಸಿ. ಮೊಬೈಲಿನ ಕ್ಯಾಮೆರಾವನ್ನು ಔಷಧದ ಚೀಟಿಯ ಕಡೆ ಹಿಡಿದರೆ ಅದನ್ನು ಅನುವಾದಿಸುವ ಗೂಗಲ್ ಲೆನ್ಸ್‌ನಂಥ ಸಾಧನಗಳೂ ಇವೆ. ಆದರೆ ಯಂತ್ರದ ಅನುವಾದದಲ್ಲಿ ಎರಡು ಕಡೆ ಕಣ್ಣಿಡಬೇಕು. ಒಂದು, ‘ಬೇಕು’ ಮತ್ತು ‘ಬೇಡ’ ಅದಲುಬದಲಾಗುವುದು. ಇನ್ನೊಂದು, ಪ್ರಮಾಣ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೊಗ್ರಾಂ, ಅಂದರೆ 0.4 ಮಿಲಿಗ್ರಾಂ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದ ತಾಯಂದಿರಿಗೆ ವೈದ್ಯರು ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂನಷ್ಟು ಕೊಡುವುದುಂಟು. ಒಂದು ಚುಕ್ಕೆ ಬಿಟ್ಟುಹೋದರೆ ಅಥವಾ ‘ಮೈಕ್ರೊ’ ಎಂಬುದು ‘ಮಿಲಿ’ ಆಗಿಬಿಟ್ಟರೆ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರ ಪಾಲಿಗೆ ಬರುತ್ತದೆ. ಹೀಗಾಗಿ ಅನುವಾದದಲ್ಲಿ ಓದಿದ ಯಾವ ಪ್ರಮಾಣವನ್ನೂ ಔಷಧದ ಅಂಗಡಿಯವರೋ ದಾದಿಯೋ ಖಚಿತಪಡಿಸದೆ ಪಾಲಿಸಬೇಡಿ.

ಇಂಟರ್ನೆಟ್ ಸರಿಯಾಗಿ ಸಿಗದವರಿಗೆ ಸಂದೇಶ ಮತ್ತು ಧ್ವನಿ ಕರೆಗಳ ಸೇವೆಗಳಿವೆ. ದಕ್ಷಿಣ ಆಫ್ರಿಕಾದ ಆರೋಗ್ಯ ಇಲಾಖೆ 2014ರಲ್ಲಿ ಆರಂಭಿಸಿದ ಮಾಮ್‌ಕನೆಕ್ಟ್ ಬಸಿರಿನ ಹಂತಕ್ಕೆ ತಕ್ಕಂತೆ ಗರ್ಭಿಣಿಯರಿಗೆ ಉಚಿತ ಸಂದೇಶ ಕಳುಹಿಸುತ್ತದೆ. ಭಾರತದ ಕಿಲ್ಕಾರಿ ಸೇವೆ ಮೊದಲೇ ಧ್ವನಿಮುದ್ರಿಸಿಟ್ಟ ಕರೆಗಳ ಮೂಲಕ ಇಂಥದೇ ಕೆಲಸ ಮಾಡುತ್ತದೆ. ಹೆಸ್ಪೀರಿಯನ್ ಸಂಸ್ಥೆಯ ಸುರಕ್ಷಿತ ಗರ್ಭಧಾರಣೆ ಮತ್ತು ಹೆರಿಗೆಯ ಆ್ಯಪ್ ಅನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಓದಬಹುದು. ನೀವಿರುವ ಕಡೆ ಇಂಥ ಯಾವ ಸೇವೆ ನಡೆಯುತ್ತಿದೆ ಎಂಬುದನ್ನು ಮೊದಲ ತಪಾಸಣೆಯ ದಿನವೇ ಕೇಳಿ ನೋಂದಾಯಿಸಿಕೊಳ್ಳಿ.

ಹಂತ 5: ಓದಿದ್ದನ್ನು ತೂಗಿ ನೋಡಿ

ಪುಟವನ್ನು ತೆರೆದ ಕೂಡಲೇ ಅದರ ಕೊನೆಗೆ ಹೋಗಿ. ಯಾರು ಬರೆದರು, ಯಾವ ವೈದ್ಯರು ಪರಿಶೀಲಿಸಿದರು, ಕೊನೆಯ ಬಾರಿ ಯಾವಾಗ ತಿದ್ದಿದರು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಹೆಸರೂ ಇಲ್ಲದ ದಿನಾಂಕವೂ ಇಲ್ಲದ ಪುಟವನ್ನು ಮುಚ್ಚಿಬಿಡಿ. ಜಾಲತಾಣದಲ್ಲಿ ಕಾಣುವ ಪ್ರಮಾಣಪತ್ರದ ಮುದ್ರೆಗಳಿಗೆ ಮರುಳಾಗಬೇಡಿ. ಆರೋಗ್ಯ ಜಾಲತಾಣಗಳಿಗೆ 1996ರಿಂದ ಹಾನ್‌ಕೋಡ್ ಎಂಬ ಗುಣಮಟ್ಟದ ಮುದ್ರೆ ನೀಡುತ್ತಿದ್ದ ಸ್ವಿಟ್ಜರ್ಲೆಂಡಿನ ಪ್ರತಿಷ್ಠಾನ 2022ರ ಕೊನೆಗೆ ಕೆಲಸ ನಿಲ್ಲಿಸಿತು. ಇಂದಿಗೂ ಆ ಮುದ್ರೆಯನ್ನು ತೋರಿಸುವ ಪುಟವನ್ನು ಈಗ ಯಾರೂ ಪರೀಕ್ಷಿಸುತ್ತಿಲ್ಲ ಎಂದೇ ಅರ್ಥ.

ಆಮೇಲೆ ಆ ಪುಟದಿಂದ ಯಾರಿಗೆ ಹಣ ಬರುತ್ತದೆ ಎಂದು ನೋಡಿ. ರಕ್ತಹೀನತೆಯ ಬಗ್ಗೆ ಹೆದರಿಸಿ ಕೊನೆಯಲ್ಲಿ ತನ್ನದೇ ಪುಡಿಯನ್ನು ಕೊಳ್ಳಿ ಎನ್ನುವ ಬರಹ ಮಾಹಿತಿಯಲ್ಲ, ವ್ಯಾಪಾರ. ‘ಸಂಪೂರ್ಣ ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂಬ ಮಾತು ಸುರಕ್ಷತೆಯ ಭರವಸೆಯೂ ಅಲ್ಲ. ದೇಹಕ್ಕೆ ಬೇಕಾದ ವಿಟಮಿನ್ ‘ಎ’ ಕೂಡ ರೆಟಿನಾಲ್ ರೂಪದಲ್ಲಿ ಅತಿಯಾದರೆ ಭ್ರೂಣದ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಬಸಿರಿನ ವಾಕರಿಕೆಗೆ ನಿರಪಾಯಕಾರಿ ಎಂದು 1950ರ ದಶಕದ ಕೊನೆಯಲ್ಲಿ ಮಾರಲಾದ ಥ್ಯಾಲಿಡೊಮೈಡ್ ಮಾತ್ರೆಯಿಂದ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು ಎಂಬ ಅಂದಾಜಿದೆ.

ಒಂದು ವಿಷಯವನ್ನು ಕನಿಷ್ಠ ಎರಡು ಕಡೆ ಓದಿ, ಆದರೆ ಆ ಎರಡು ಕಡೆಗಳು ನಿಜಕ್ಕೂ ಬೇರೆ ಬೇರೆಯಾಗಿರಲಿ. ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಹತ್ತು ಪುಟಗಳಲ್ಲಿ ಕಂಡರೆ ಅದು ಹತ್ತು ಸಾಕ್ಷಿಗಳಲ್ಲ, ಒಂದರ ಹತ್ತು ನಕಲು.

ಸಂಖ್ಯೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ‘ಈ ಔಷಧದಿಂದ ಅಪಾಯ ದುಪ್ಪಟ್ಟಾಗುತ್ತದೆ’ ಎಂದು ಓದಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಸಾವಿರಕ್ಕೆ ಒಬ್ಬರಿಗಿದ್ದ ಅಪಾಯ ಸಾವಿರಕ್ಕೆ ಇಬ್ಬರಿಗೆ ಆದರೂ ದುಪ್ಪಟ್ಟೇ, ಹತ್ತಕ್ಕೆ ಒಬ್ಬರಿಗಿದ್ದದ್ದು ಹತ್ತಕ್ಕೆ ಇಬ್ಬರಿಗೆ ಆದರೂ ದುಪ್ಪಟ್ಟೇ. ‘ಎಷ್ಟು ಜನರಲ್ಲಿ ಎಷ್ಟು ಜನರಿಗೆ’ ಎಂದು ಹೇಳದ ಪುಟ ನಿಮಗೆ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಕೊಟ್ಟಿಲ್ಲ.

ಅರ್ಧ ಓದುವುದರ ಅಪಾಯ ಎಷ್ಟು ಎಂಬುದಕ್ಕೆ ಒಂದು ನಿಜವಾದ ಎಚ್ಚರಿಕೆಯನ್ನೇ ತೆಗೆದುಕೊಳ್ಳೋಣ. ಐಬುಪ್ರೊಫೆನ್‌ನಂಥ ನೋವು ನಿವಾರಕಗಳನ್ನು 20 ವಾರಗಳ ನಂತರ ಬಳಸಿದರೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಆಸ್ಪಿರಿನ್ ಕೂಡ ಇದೇ ಗುಂಪಿನ ಔಷಧ. ಇನ್ನೊಂದು ಕಡೆ, ಪ್ರೀಎಕ್ಲಾಂಪ್ಸಿಯಾದ ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ ಅದನ್ನು ತಡೆಯಲೆಂದೇ ವೈದ್ಯರು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ, ಮತ್ತು ವೈದ್ಯರ ಸೂಚನೆಯಂತೆ ತೆಗೆದುಕೊಳ್ಳುವ 81 ಮಿಲಿಗ್ರಾಂ ಆಸ್ಪಿರಿನ್‌ಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ ಎಂದು ಅದೇ ಎಫ್‌ಡಿಎ ಸ್ಪಷ್ಟವಾಗಿ ಹೇಳಿದೆ. ಆದರೆ ‘20 ವಾರದ ನಂತರ ಈ ಮಾತ್ರೆಗಳು ಅಪಾಯ’ ಎಂಬ ಶೀರ್ಷಿಕೆಯ ಒಂದು ನಿಮಿಷದ ವಿಡಿಯೊದಲ್ಲಿ ಆ ವಿನಾಯಿತಿಗೆ ಜಾಗ ಇರುವುದಿಲ್ಲ. ಅದನ್ನು ನೋಡಿ, ಮಗುವಿನ ಮೇಲಿನ ಪ್ರೀತಿಯಿಂದಲೇ, ತನ್ನನ್ನೂ ಮಗುವನ್ನೂ ಕಾಪಾಡುತ್ತಿರುವ ಮಾತ್ರೆಯನ್ನು ತಾಯಿ ನಿಲ್ಲಿಸಿಬಿಡಬಹುದು. ವೈದ್ಯರು ಬರೆದುಕೊಟ್ಟ ಔಷಧವನ್ನು ಅಂತರ್ಜಾಲದಲ್ಲಿ ಓದಿದ ಕಾರಣಕ್ಕೆ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಶುರು ಮಾಡಲೂ ಬೇಡಿ. ಓದಿದ್ದನ್ನು ತೋರಿಸಿ ಕೇಳಿ.

ಹಂತ 6: ಗುಂಪುಗಳು, ವಿಡಿಯೊಗಳು ಮತ್ತು ಎಐ ಸಹಾಯಕಗಳು

ಗರ್ಭಿಣಿಯರ ವಾಟ್ಸ್ಆ್ಯಪ್ ಮತ್ತು ಫೇಸ್‌ಬುಕ್ ಗುಂಪುಗಳನ್ನು ನಾನು ತಳ್ಳಿಹಾಕುವುದಿಲ್ಲ. ಒಂಟಿತನ ಕಾಡುವಾಗ, ಯಾವ ಆಸ್ಪತ್ರೆಯಲ್ಲಿ ಯಾವ ದಿನ ವೈದ್ಯರು ಇರುತ್ತಾರೆ, ಯಾವ ಕಾಗದಗಳನ್ನು ಒಯ್ಯಬೇಕು, ಅಲ್ಲಿ ಹೇಗೆ ಮಾತಾಡಿಸುತ್ತಾರೆ ಎಂಬುದು ಬೇಕಾದಾಗ, ಅದೇ ದಾರಿಯಲ್ಲಿ ನಡೆದು ಬಂದ ತಾಯಂದಿರಷ್ಟು ಚೆನ್ನಾಗಿ ಹೇಳುವವರು ಬೇರೆ ಇಲ್ಲ. ಆದರೆ ‘ನನಗೂ ಹೀಗೇ ಆಗಿತ್ತು, ಏನೂ ಆಗಲಿಲ್ಲ’ ಎಂಬ ಮಾತನ್ನು ಲಕ್ಷಣಗಳ ವಿಷಯದಲ್ಲಿ ಆಧಾರವಾಗಿ ಹಿಡಿಯಬೇಡಿ. ಕೆಡುಕಾದವರು ಆ ಗುಂಪಿನಲ್ಲಿ ಮಾತಾಡಲು ಉಳಿದಿರುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳುಹಿಸಿದವರು ನಿಮ್ಮ ಆಪ್ತರೇ ಆಗಿದ್ದರೂ ಬರೆದವರು ಅವರಲ್ಲ. ವಿಡಿಯೊ ನೋಡುವಾಗ ಬಿಳಿ ಕೋಟಿಗೂ ಸ್ಟೆತಸ್ಕೋಪಿಗೂ ಮಹತ್ವ ಕೊಡದೆ, ಮಾತಾಡುವವರು ಹೆರಿಗೆ ತಜ್ಞರೇ, ಎಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನು ನೋಡಿ.

ಎಐ ಸಹಾಯಕಗಳು, ಅಂದರೆ ಕೇಳಿದ ಪ್ರಶ್ನೆಗೆ ಮನುಷ್ಯರಂತೆ ಉತ್ತರ ಬರೆದುಕೊಡುವ ತಂತ್ರಾಂಶಗಳು, ಕಠಿಣ ವರದಿಯ ಭಾಷೆಯನ್ನು ಸರಳಗೊಳಿಸಲು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಳ್ಳಲು ಒದಗುತ್ತವೆ. ತಪ್ಪನ್ನೂ ಅವು ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತವೆ, ಇಲ್ಲದ ಆಧಾರಗಳನ್ನು ಹುಟ್ಟಿಸುವುದೂ ಉಂಟು. ಪ್ರಮಾಣ, ಎರಡು ಔಷಧಗಳ ಹೊಂದಾಣಿಕೆ, ‘ಆಸ್ಪತ್ರೆಗೆ ಹೋಗದಿದ್ದರೆ ನಡೆಯುತ್ತದೆಯೇ’ ಎಂಬ ಪ್ರಶ್ನೆ: ಈ ಮೂರನ್ನು ಅವುಗಳ ತೀರ್ಮಾನಕ್ಕೆ ಬಿಡಬೇಡಿ.

ಹಂತ 7: ಗುಟ್ಟು ಕಾಯ್ದುಕೊಳ್ಳಿ, ಡೇಟಾ ಉಳಿಸಿ

ಮನೆಯಲ್ಲಿ ಒಂದೇ ಮೊಬೈಲು ಇದ್ದರೆ ನೀವು ಏನು ಹುಡುಕಿದಿರಿ ಎಂಬುದು ಮುಂದೆ ಅದನ್ನು ಹಿಡಿದವರಿಗೆಲ್ಲ ಕಾಣುತ್ತದೆ. ಬಸಿರಿನ ವಿಷಯವನ್ನು ಇನ್ನೂ ಯಾರಿಗೂ ಹೇಳದವರಿಗೆ, ಮನೆಯಲ್ಲಿ ಹಿಂಸೆ ಎದುರಿಸುತ್ತಿರುವವರಿಗೆ ಇದು ದೊಡ್ಡ ಅಪಾಯವಾಗಬಹುದು. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಹುಡುಕಿ, ಮುಗಿದ ಮೇಲೆ ಅದನ್ನು ಮುಚ್ಚಿ. ಆಗ ಹುಡುಕಾಟದ ಇತಿಹಾಸ ಆ ಮೊಬೈಲಿನಲ್ಲಿ ಉಳಿಯುವುದಿಲ್ಲ. ಇಳಿಸಿಕೊಂಡ ಕಡತಗಳು ಮತ್ತು ಸ್ಕ್ರೀನ್‌ಶಾಟ್‌ಗಳು ಮಾತ್ರ ಉಳಿಯುತ್ತವೆ ಎಂಬುದು ನೆನಪಿರಲಿ.

ಮುಟ್ಟು ಮತ್ತು ಬಸಿರಿನ ಲೆಕ್ಕವಿಡುವ ಆ್ಯಪ್‌ಗಳಿಗೆ ವಿವರ ಕೊಡುವ ಮೊದಲು ಯೋಚಿಸಿ. ಬಳಕೆದಾರರ ಆರೋಗ್ಯದ ವಿವರಗಳನ್ನು ಹೊರಗಿನ ಕಂಪನಿಗಳೊಂದಿಗೆ ಹಂಚಿಕೊಂಡಿತೆಂಬ ಆರೋಪದ ಮೇಲೆ ಫ್ಲೋ ಎಂಬ ಆ್ಯಪ್‌ನ ಕಂಪನಿ 2021ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಒಪ್ಪಂದಕ್ಕೆ ಬರಬೇಕಾಯಿತು. ವಾರಗಳ ಎಣಿಕೆಗೆ ಕಾಗದದ ಕ್ಯಾಲೆಂಡರು ಸಾಕು. ಡೇಟಾ ಕಡಿಮೆ ಇದ್ದರೆ ವಿಡಿಯೊಗಿಂತ ಬರಹವನ್ನು ಆರಿಸಿಕೊಳ್ಳಿ, ಉಚಿತ ವೈಫೈ ಸಿಕ್ಕಾಗ ಮುಖ್ಯವಾದ ಪುಟಗಳನ್ನು ಆಫ್‌ಲೈನ್ ಓದಿಗೆ ಉಳಿಸಿಕೊಳ್ಳಿ.

ಹಂತ 8: ಓದಿದ್ದನ್ನು ಮನುಷ್ಯರ ಮುಂದಿಡಿ

ಹುಡುಕಾಟ ಮುಗಿಯುವುದು ಮೊಬೈಲಿನಲ್ಲಿ ಅಲ್ಲ, ನಿಮ್ಮನ್ನು ಮುಟ್ಟಿ ಪರೀಕ್ಷಿಸಬಲ್ಲ ಆರೋಗ್ಯ ಕಾರ್ಯಕರ್ತೆ, ದಾದಿ ಅಥವಾ ವೈದ್ಯರ ಮುಂದೆ. ತಪಾಸಣೆಯ ಭೇಟಿ ಎಷ್ಟೋ ಕಡೆ ಕೆಲವೇ ನಿಮಿಷಗಳದ್ದಾಗಿರುತ್ತದೆ. ಆದ್ದರಿಂದ ಮೂರಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ಮುಖ್ಯವಾದದ್ದು ಮೊದಲಿರಲಿ, ಎಲ್ಲವೂ ಬರೆದಿರಲಿ. ‘ನೆಟ್‌ನಲ್ಲಿ ಹೀಗಿದೆ’ ಎಂದು ಶುರು ಮಾಡಿದರೆ ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ಅದರ ಬದಲು ಲಕ್ಷಣದಿಂದ ಶುರು ಮಾಡಿ: ‘ನನಗೆ ಈಗ 32 ವಾರ. ಎರಡು ದಿನದಿಂದ ತಲೆನೋವು ಬಿಟ್ಟಿಲ್ಲ. ಬಿಪಿ ಹೆಚ್ಚಾಗಿರಬಹುದೇ ಎಂದು ಭಯವಾಗಿದೆ, ಒಮ್ಮೆ ನೋಡುತ್ತೀರಾ?’ ಹೀಗೆ ಕೇಳಿದಾಗ ವಾರ, ಅವಧಿ, ಲಕ್ಷಣ, ನಿಮಗೆ ಬೇಕಾದ ಪರೀಕ್ಷೆ ಎಲ್ಲವೂ ನಾಲ್ಕು ಮಾತಿನಲ್ಲಿ ಅವರಿಗೆ ತಲುಪುತ್ತವೆ. ಉತ್ತರ ಸಿಕ್ಕಿದ ಮೇಲೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲೇ ತಿರುಗಿ ಹೇಳಿ: ‘ಅಂದರೆ ಈ ಮಾತ್ರೆ ರಾತ್ರಿ ಊಟದ ನಂತರ ಒಂದು, ನೋವು ನಾಳೆಯೂ ಇದ್ದರೆ ಮತ್ತೆ ಬರಬೇಕು, ಅಲ್ಲವೇ?’ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಕಿವಿಗೆ ಹಾಕಿಕೊಳ್ಳದೆ ಕಳುಹಿಸಿದರೆ ಸುಮ್ಮನಾಗಬೇಡಿ. ‘ಯಾವ ಲಕ್ಷಣ ಕಂಡರೆ ನಾನು ಮತ್ತೆ ಬರಬೇಕು?’ ಎಂದು ಕೇಳಿ, ಜೊತೆಗೆ ಬಂದವರೂ ಕೇಳಲಿ. ಲಕ್ಷಣ ಹೆಚ್ಚಾದರೆ ಅದೇ ಆಸ್ಪತ್ರೆಗೆ ಮತ್ತೆ ಹೋಗಲು, ಅಥವಾ ಬೇರೆ ಆಸ್ಪತ್ರೆಗೆ ಹೋಗಲು ನಿಮಗೆ ಪೂರ್ತಿ ಹಕ್ಕಿದೆ.

ಗರ್ಭಿಣಿಯ ಪರವಾಗಿ ಹುಡುಕುವವರಿಗೆ ಇಲ್ಲೇ ಒಂದು ಮಾತು. ಅವಳು ಹೇಳಿದ ಲಕ್ಷಣವನ್ನು ನಿಮ್ಮ ಮಾತಿಗೆ ಬದಲಿಸದೆ ಅವಳ ಮಾತಿನಲ್ಲೇ ಬರೆದುಕೊಳ್ಳಿ. ‘ಕಣ್ಣಮುಂದೆ ಮಿಂಚಿದಂತಾಗುತ್ತದೆ’ ಎಂದವಳ ಮಾತು ನಿಮ್ಮ ಕೈಯಲ್ಲಿ ‘ಸುಸ್ತು’ ಎಂದಾಗಿಬಿಟ್ಟರೆ ಹುಡುಕಾಟವೇ ದಾರಿ ತಪ್ಪುತ್ತದೆ. ಸಿಕ್ಕಿದ್ದನ್ನೆಲ್ಲ ಅವಳಿಗೆ ತಿಳಿಸಿ. ಹೆದರುತ್ತಾಳೆಂದು ಮುಚ್ಚಿಟ್ಟರೆ ತೀರ್ಮಾನ ಅವಳ ಕೈತಪ್ಪಿ ನಿಮ್ಮದಾಗುತ್ತದೆ.

ಹಂತ 9: ಹೆರಿಗೆಯ ನಂತರವೂ ಮುಂದುವರಿಸಿ

ಮಗು ಹುಟ್ಟಿದ ಮೇಲೆ ಎಲ್ಲರ ಹುಡುಕಾಟವೂ ಮಗುವಿನ ಕಡೆಗೆ ತಿರುಗುತ್ತದೆ, ತಾಯಿಯ ಅಪಾಯ ಮಾತ್ರ ಅಲ್ಲಿಗೆ ಮುಗಿದಿರುವುದಿಲ್ಲ. ಮೊದಲ 24 ಗಂಟೆಯೊಳಗಿನ ಆರೈಕೆಯ ನಂತರ 48ರಿಂದ 72 ಗಂಟೆಗಳ ನಡುವೆ, 7ರಿಂದ 14 ದಿನಗಳ ನಡುವೆ ಮತ್ತು 6ನೇ ವಾರದಲ್ಲಿ ತಾಯಿ ಮಗು ಇಬ್ಬರ ತಪಾಸಣೆಯೂ ಆಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ಯಾಡು ಬೇಗ ಬೇಗ ತೋಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ತೀವ್ರ ತಲೆನೋವು ಇವು ಕಂಡರೆ ಹಂತ 1ರ ನಿಯಮವೇ ಇಲ್ಲಿಗೂ. ಪ್ರೀಎಕ್ಲಾಂಪ್ಸಿಯಾ ಹೆರಿಗೆಯಾದ ಮೇಲೂ ಕಾಣಿಸಿಕೊಳ್ಳಬಲ್ಲದು. ಆದ್ದರಿಂದ ಈ ಅವಧಿಯಲ್ಲಿ ಏನನ್ನೇ ಹುಡುಕುವಾಗಲೂ ‘ಗರ್ಭಿಣಿ 32 ವಾರ’ ಎಂದು ಬರೆಯುತ್ತಿದ್ದ ಜಾಗದಲ್ಲಿ ‘ಬಾಣಂತಿ, ಹೆರಿಗೆಯಾಗಿ 9 ದಿನ’ ಎಂಬಂತೆ ಬರೆಯಿರಿ, ಮತ್ತು ಯಾವ ವೈದ್ಯರ ಬಳಿ ಯಾವ ಕಾಯಿಲೆಗೆ ಹೋದರೂ ಇತ್ತೀಚೆಗೆ ಹೆರಿಗೆಯಾಗಿದೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ.